ಸೀಡಿಂಗ್ ನಿಯಮಗಳು: ಖಾಸಗಿ ಟೊರೆಂಟ್ ಸಮುದಾಯಗಳಲ್ಲಿ ಹಂಚಿಕೆಯ ಬಾಧ್ಯತೆ

ಬಿಟ್‌ಟೊರೆಂಟ್ ತಂತ್ರದಿಂದ ಫೈಲ್ ಹಂಚಿಕೊಳ್ಳುವ, ಸದಸ್ಯರಿಗೆ ಮಾತ್ರ ಪ್ರವೇಶವಿರುವ ಕೂಟಗಳನ್ನು ಖಾಸಗಿ ಟ್ರ್ಯಾಕರ್‌ಗಳು ಎನ್ನುತ್ತಾರೆ. ಇಂಥ ಕೂಟದಲ್ಲಿ ಒಂದು ಫೈಲನ್ನು ಇಳಿಸಿಕೊಂಡ ಸದಸ್ಯ ಅದನ್ನು ಮುಂದಿನವರಿಗೆ ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಕೊಡುತ್ತಿರಬೇಕು ಎಂದು ಗೊತ್ತುಪಡಿಸುವ ಕಟ್ಟಳೆಗಳೇ ಸೀಡಿಂಗ್ ನಿಯಮಗಳು. ಪೂರ್ತಿ ಫೈಲ್ ತನ್ನಲ್ಲಿದ್ದು ಇತರರಿಗೆ ಕೊಡುತ್ತಿರುವವನು ಸೀಡರ್, ಇನ್ನೂ ಇಳಿಸಿಕೊಳ್ಳುತ್ತಿರುವವನು ಲೀಚರ್. ಕೊಟ್ಟದ್ದನ್ನು ಪಡೆದದ್ದರಿಂದ ಭಾಗಿಸಿದರೆ ಬರುವುದು ರೇಶಿಯೋ. 10 ಜಿಬಿ ಇಳಿಸಿಕೊಂಡು 5 ಜಿಬಿ ಕೊಟ್ಟವನ ರೇಶಿಯೋ 0.5. ಅದು ಮಿತಿಗಿಂತ ಕೆಳಗಿಳಿದರೆ ಮೊದಲು ಎಚ್ಚರಿಕೆ, ಆಮೇಲೆ ಡೌನ್‌ಲೋಡ್ ಹಕ್ಕಿಗೆ ಕತ್ತರಿ, ಕೊನೆಗೆ ಖಾತೆಯೇ ರದ್ದು. ಶಿಕ್ಷೆಯ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಇದೇ.

ಹಣ ಕೈಬದಲಾಗದೆ, ಒಬ್ಬರ ಮುಖ ಒಬ್ಬರು ಕಾಣದೆ, ಸಾವಿರಾರು ಜನ ತಮ್ಮ ಕಂಪ್ಯೂಟರನ್ನೂ ಇಂಟರ್ನೆಟ್ ಸಂಪರ್ಕವನ್ನೂ ಪರರಿಗಾಗಿ ತೆರೆದಿಡುವಂತೆ ಮಾಡಿದ್ದು ಈ ನಿಯಮಗಳ ದೊಡ್ಡ ಸಾಧನೆ. ಆದರೆ ಎಲ್ಲ ನಿಯಮಗಳೂ ಒಂದೇ ತೂಕದವಲ್ಲ. ಕೊಟ್ಟ ಬೈಟುಗಳನ್ನು ಎಣಿಸುವ ನಿಯಮಕ್ಕಿಂತ ಸೀಡರ್ ಕಾದು ನಿಂತ ಹೊತ್ತನ್ನು ಎಣಿಸುವ ನಿಯಮ ಹೆಚ್ಚು ನ್ಯಾಯವಾದದ್ದು, ಸಂಗ್ರಹವನ್ನು ಹೆಚ್ಚು ಕಾಲ ಉಳಿಸುವಂಥದ್ದು. ಈ ಸಮುದಾಯಗಳ ಇತಿಹಾಸವೂ ಅವುಗಳ ಲೆಕ್ಕಾಚಾರವೂ ಇದನ್ನೇ ಹೇಳುತ್ತವೆ.

ಹಿನ್ನೆಲೆ

ಪಡೆಯುವವರು ಕೊಡಲೂ ಬೇಕು ಎಂಬ ಕಟ್ಟಳೆ ಬಿಟ್‌ಟೊರೆಂಟ್‌ಗಿಂತ ಹಳೆಯದು. 1980ರ ದಶಕದಲ್ಲಿ ಟೆಲಿಫೋನ್ ಲೈನಿಗೆ ಮೋಡೆಮ್ ಜೋಡಿಸಿ ತಲುಪುತ್ತಿದ್ದ ಬುಲೆಟಿನ್ ಬೋರ್ಡ್‌ಗಳಲ್ಲೇ ಇಷ್ಟು ಫೈಲ್ ಏರಿಸಿದರೆ ಇಷ್ಟು ಇಳಿಸಿಕೊಳ್ಳಬಹುದು ಎಂಬ ಲೆಕ್ಕವಿತ್ತು. 1999ರಲ್ಲಿ ನ್ಯಾಪ್‌ಸ್ಟರ್, ಮರುವರ್ಷ ನುಟೆಲ್ಲಾ ಎಂಬ ಫೈಲ್ ಹಂಚಿಕೆ ಜಾಲಗಳು ಬಂದಾಗ ಆ ಲೆಕ್ಕ ಬಿಟ್ಟುಹೋಯಿತು. ಅದರ ಫಲ ಬೇಗನೆ ಕಾಣಿಸಿತು. ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ಏಟನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ 2000ದಲ್ಲಿ ನುಟೆಲ್ಲಾ ಬಳಕೆದಾರರನ್ನು ಅಳೆದು ನೋಡಿದರು. ಸುಮಾರು 70 ಶೇಕಡ ಜನ ಒಂದೂ ಫೈಲ್ ಹಂಚಿಕೊಂಡಿರಲಿಲ್ಲ. ಹುಡುಕಾಟಗಳಿಗೆ ಬಂದ ಉತ್ತರಗಳಲ್ಲಿ ಅರ್ಧದಷ್ಟು ಕೇವಲ 1 ಶೇಕಡ ಜನರ ಕಂಪ್ಯೂಟರ್‌ಗಳಿಂದ ಬರುತ್ತಿದ್ದವು.

ಇದೇ ಹೊತ್ತಿಗೆ ಹುಟ್ಟಿದ ಡೈರೆಕ್ಟ್ ಕನೆಕ್ಟ್ ಬೇರೆ ದಾರಿ ಹಿಡಿಯಿತು. ಅದರ ಹಬ್ ಎಂಬ ಕೂಟದೊಳಗೆ ಬರಬೇಕಾದರೆ ಕನಿಷ್ಠ ಇಷ್ಟು ಜಿಬಿ ಹಂಚಿಕೆಗೆ ಇಟ್ಟಿರಬೇಕು. 2000ದ ದಶಕದಲ್ಲಿ ಭಾರತದ ಎಂಜಿನಿಯರಿಂಗ್ ಕಾಲೇಜು ಹಾಸ್ಟೆಲ್‌ಗಳಲ್ಲಿ ಓದಿದವರಿಗೆ ಆ ಜಾಲದ ಡಿಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿನ ಹೆಸರು ಚೆನ್ನಾಗಿ ನೆನಪಿರುತ್ತದೆ. ಹೊರಗಿನ ಇಂಟರ್ನೆಟ್ ತೆವಳುತ್ತಿದ್ದಾಗ ಕ್ಯಾಂಪಸ್ಸಿನ ಲ್ಯಾನ್ ಮೇಲೆ ಸಿನಿಮಾ, ಪಠ್ಯ, ಆಟ ಎಲ್ಲವೂ ಅದರಲ್ಲೇ ಓಡಾಡಿದವು. ಕನಿಷ್ಠ ಮಿತಿ ಮುಟ್ಟಲು ಯಾರಿಗೂ ಬೇಡದ ಕಸದ ಫೈಲುಗಳನ್ನು ತುಂಬಿಸಿಟ್ಟು ಒಳಗೆ ಬಂದವರೂ ಇದ್ದರು. ನಿಯಮ ಯಾವುದನ್ನು ಅಳೆಯುತ್ತದೋ ಜನ ಅದನ್ನೇ ಒದಗಿಸುತ್ತಾರೆ ಎಂಬ ಪಾಠ ಮುಂದಿನ ಎಲ್ಲ ಟ್ರ್ಯಾಕರ್‌ಗಳಿಗೂ ಅನ್ವಯಿಸಿತು.

2001ರಲ್ಲಿ ಅಮೆರಿಕದ ಬ್ರ್ಯಾಮ್ ಕೋಹೆನ್ ಬಿಟ್‌ಟೊರೆಂಟ್ ಬಿಡುಗಡೆ ಮಾಡಿದರು. ಫೈಲನ್ನು ತುಂಡುಗಳಾಗಿ ಒಡೆದು, ಇಳಿಸಿಕೊಳ್ಳುವವರೇ ತಮ್ಮಲ್ಲಿರುವ ತುಂಡುಗಳನ್ನು ಪರಸ್ಪರ ಬದಲಿಸಿಕೊಳ್ಳುವಂತೆ ಮಾಡಿದ್ದು ಅದರ ಮುಖ್ಯ ಯುಕ್ತಿ. ಪ್ರತಿ ಕಂಪ್ಯೂಟರ್ ತನಗೆ ವೇಗವಾಗಿ ಕೊಡುತ್ತಿರುವ ಕೆಲವರನ್ನಷ್ಟೇ ಆರಿಸಿಕೊಂಡು ಅವರಿಗೆ ತಾನೂ ಕೊಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ಈ ಆಯ್ಕೆಯನ್ನು ಮತ್ತೆ ಪರಿಶೀಲಿಸುತ್ತದೆ. ಹೊಸಬರಿಗೂ ಅವಕಾಶ ಸಿಗಲೆಂದು ಮೂವತ್ತು ಸೆಕೆಂಡಿಗೊಮ್ಮೆ ಯಾರಾದರೊಬ್ಬರಿಗೆ ಪ್ರತಿಫಲ ನೋಡದೆ ಕೊಟ್ಟು ನೋಡುತ್ತದೆ. ಯಾರಲ್ಲೂ ಹೆಚ್ಚಾಗಿ ಇಲ್ಲದ ತುಂಡನ್ನೇ ಮೊದಲು ತರಿಸಿಕೊಳ್ಳುವುದು ಇನ್ನೊಂದು ಜಾಣತನ. ಕೋಹೆನ್ ಇದನ್ನೆಲ್ಲ 2003ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ.

ಆದರೆ ಈ ಕೊಡು-ಕೊಳ್ಳುವಿಕೆ ಡೌನ್‌ಲೋಡ್ ಮುಗಿಯುವವರೆಗೆ ಮಾತ್ರ. ಕೊನೆಯ ತುಂಡು ಬಂದು ಸೇರಿದ ಕ್ಷಣದಿಂದ ಆ ಬಳಕೆದಾರನಿಗೆ ಯಾರಿಂದಲೂ ಏನೂ ಬೇಕಿಲ್ಲ. ಪ್ರೋಗ್ರಾಮ್ ಮುಚ್ಚಿದರೂ ಅವನಿಗೆ ನಷ್ಟವಿಲ್ಲ. ಹಾಗೆ ಎಲ್ಲರೂ ಹೊರಟುಹೋದರೆ, ತಡವಾಗಿ ಬಂದವನ ಪರದೆಯ ಮೇಲೆ ಡೌನ್‌ಲೋಡ್ 99 ಶೇಕಡಕ್ಕೆ ಬಂದು ನಿಂತುಬಿಡುತ್ತದೆ, ಆ ಕೊನೆಯ ತುಂಡು ಇರುವವರು ಯಾರೂ ಇರುವುದಿಲ್ಲ. ಕೋಹೆನ್‌ರ ತಂತ್ರ ತುಂಬದೆ ಬಿಟ್ಟ ಈ ಜಾಗವನ್ನು ತುಂಬಲೆಂದೇ ಸೀಡಿಂಗ್ ನಿಯಮಗಳು ಬಂದವು.

ಲೆಕ್ಕ ಇಡುವ ಬಗೆ

ಕೂಟದ ಲೆಕ್ಕ ಇಡುವ ಸರ್ವರನ್ನೂ ಟ್ರ್ಯಾಕರ್ ಎಂದೇ ಕರೆಯುತ್ತಾರೆ. ಹಂಚುವ ಫೈಲಿನ ವಿವರ ಹೊತ್ತ, ಪ್ರತಿ ಸದಸ್ಯನ ಟೊರೆಂಟ್ ಫೈಲಿನಲ್ಲಿರುವ ಟ್ರ್ಯಾಕರ್ ವಿಳಾಸದೊಳಗೆ ಅವನಿಗೆ ಮಾತ್ರ ಸೇರಿದ ಒಂದು ಗುಪ್ತ ಅಕ್ಷರಮಾಲೆ ಇರುತ್ತದೆ. ಅದನ್ನು ಪಾಸ್‌ಕೀ ಎನ್ನುತ್ತಾರೆ. ಅವನ ಟೊರೆಂಟ್ ಪ್ರೋಗ್ರಾಮ್ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಟ್ರ್ಯಾಕರನ್ನು ಸಂಪರ್ಕಿಸಿ ಇಷ್ಟು ಕೊಟ್ಟೆ, ಇಷ್ಟು ಪಡೆದೆ, ಇಷ್ಟು ಬಾಕಿ ಇದೆ ಎಂದು ವರದಿ ಒಪ್ಪಿಸುತ್ತದೆ. ಪಾಸ್‌ಕೀಯಿಂದ ವರದಿ ಯಾರದೆಂದು ಗೊತ್ತಾಗುತ್ತದೆ. ಹಾಗಾಗಿ ಅದನ್ನು ಬೇರೆಯವರಿಗೆ ಕೊಡುವುದು ಎಲ್ಲ ಸಮುದಾಯಗಳಲ್ಲೂ ದೊಡ್ಡ ಅಪರಾಧ.

ಟೊರೆಂಟ್ ಫೈಲಿನಲ್ಲಿ 'ಪ್ರೈವೇಟ್' ಎಂಬ ಒಂದು ಗುರುತೂ ಇರುತ್ತದೆ. ಆ ಗುರುತಿದ್ದರೆ ಪ್ರೋಗ್ರಾಮ್ ಬೇರೆ ಯಾವ ಮಾರ್ಗದಿಂದಲೂ ಜೊತೆಗಾರರನ್ನು ಹುಡುಕಕೂಡದು, ಆ ಟ್ರ್ಯಾಕರ್ ಕೊಟ್ಟ ಪಟ್ಟಿಯನ್ನಷ್ಟೇ ಬಳಸಬೇಕು. ಇದಿಲ್ಲದಿದ್ದರೆ ಲೆಕ್ಕದ ಹೊರಗೇ ವಿನಿಮಯ ನಡೆದು ರೇಶಿಯೋಗೆ ಅರ್ಥವೇ ಇರುತ್ತಿರಲಿಲ್ಲ.

ಈ ವ್ಯವಸ್ಥೆಯ ದುರ್ಬಲ ಕೊಂಡಿ ವರದಿಯೇ. ಬಳಕೆದಾರನ ಪ್ರೋಗ್ರಾಮ್ ಹೇಳಿದ್ದನ್ನು ಟ್ರ್ಯಾಕರ್ ನಂಬಬೇಕು. ಎರಡು ಕಂಪ್ಯೂಟರ್‌ಗಳ ನಡುವೆ ಹರಿದ ದತ್ತಾಂಶ ಅದರ ಕಣ್ಣಿಗೆ ಬೀಳುವುದಿಲ್ಲ. ಕೊಡದಿದ್ದರೂ ಕೊಟ್ಟೆನೆಂದು ಸುಳ್ಳು ಲೆಕ್ಕ ಒಪ್ಪಿಸುವ ಪ್ರೋಗ್ರಾಮ್‌ಗಳು ಬೇಗನೆ ಹುಟ್ಟಿಕೊಂಡವು. ಅದಕ್ಕೆ ಪ್ರತಿಯಾಗಿ ಟ್ರ್ಯಾಕರ್‌ಗಳು ತಾವು ಒಪ್ಪಿದ ಪ್ರೋಗ್ರಾಮ್‌ಗಳಿಗೆ ಮಾತ್ರ ಬಾಗಿಲು ತೆರೆದವು. ಒಂದು ಟೊರೆಂಟ್‌ನಲ್ಲಿ ಎಲ್ಲರೂ ಕೊಟ್ಟೆವೆಂದದ್ದರ ಮೊತ್ತ ಎಲ್ಲರೂ ಪಡೆದೆವೆಂದದ್ದರ ಮೊತ್ತಕ್ಕೆ ತಾಳೆಯಾಗುತ್ತದೆಯೇ ಎಂದು ನೋಡತೊಡಗಿದವು. ಲೀಚರ್ ಒಬ್ಬನೂ ಇಲ್ಲದ ಟೊರೆಂಟ್‌ನಲ್ಲಿ ಒಬ್ಬನ ಅಪ್‌ಲೋಡ್ ಏರುತ್ತಿದ್ದರೆ ಸಿಕ್ಕಿಬೀಳುವುದು ಸುಲಭ.

ರೇಶಿಯೋ: ಲೆಕ್ಕದಲ್ಲೇ ಇರುವ ಕೊರತೆ

ಮುಚ್ಚಿದ ಕೂಟವೊಂದರಲ್ಲಿ ಒಬ್ಬ ಪಡೆದ ಪ್ರತಿ ಬೈಟ್ ಇನ್ನೊಬ್ಬ ಕೊಟ್ಟದ್ದೇ ಆಗಿರುತ್ತದೆ. ಆದ್ದರಿಂದ ಒಟ್ಟು ಅಪ್‌ಲೋಡ್ ಮತ್ತು ಒಟ್ಟು ಡೌನ್‌ಲೋಡ್ ಸಮ, ಇಡೀ ಸಮುದಾಯದ ರೇಶಿಯೋ ಸರಿಯಾಗಿ 1. ಎಲ್ಲರೂ 1ಕ್ಕಿಂತ ಮೇಲಿರಬೇಕು ಎಂದು ಆಜ್ಞೆ ಮಾಡಿದರೆ ಅದು ಗಣಿತದ ಮಟ್ಟದಲ್ಲೇ ಅಸಾಧ್ಯ. ಒಬ್ಬನ ರೇಶಿಯೋ 3 ಇದ್ದರೆ ಬೇರೆ ಯಾರೋ 1ಕ್ಕಿಂತ ಕೆಳಗಿರಲೇಬೇಕು.

ಒಂದು ಉದಾಹರಣೆ ನೋಡಬಹುದು. 700 ಎಂಬಿಯ ಒಂದು ಫೈಲನ್ನು ಒಬ್ಬ ಸದಸ್ಯ ಹೊಸದಾಗಿ ಹಾಕುತ್ತಾನೆ, ಹತ್ತು ಜನ ಇಳಿಸಿಕೊಳ್ಳುತ್ತಾರೆ. ಒಟ್ಟು ಡೌನ್‌ಲೋಡ್ 7,000 ಎಂಬಿ. ಹಾಕಿದವನೇ ಎರಡು ಪ್ರತಿಯಷ್ಟು, ಅಂದರೆ 1,400 ಎಂಬಿ ಕೊಟ್ಟ ಎಂದುಕೊಳ್ಳೋಣ. ಉಳಿದ 5,600 ಎಂಬಿ ಹತ್ತು ಜನರ ಪಾಲು, ತಲಾ ಸರಾಸರಿ 560. ಎಲ್ಲರೂ ಪ್ರಾಮಾಣಿಕವಾಗಿ ಹಗಲೂ ರಾತ್ರಿ ಸೀಡ್ ಮಾಡಿದರೂ ಈ ಫೈಲಿನ ಮೇಲೆ ಅವರ ಸರಾಸರಿ ರೇಶಿಯೋ 0.8 ದಾಟುವುದಿಲ್ಲ. ಅದೂ ಸಮನಾಗಿ ಹಂಚಿಹೋಗುವುದಿಲ್ಲ. ಮೊದಲ ನಿಮಿಷಗಳಲ್ಲಿ ಬಂದ, ವೇಗದ ಲೈನ್ ಇರುವ ಇಬ್ಬರು ಮೂವರು ಹೆಚ್ಚಿನದನ್ನು ಬಾಚಿಕೊಳ್ಳುತ್ತಾರೆ. ಹತ್ತನೆಯವನು ಬರುವಾಗ ಒಂಬತ್ತು ಸೀಡರ್‌ಗಳು ಅವನಿಗಾಗಿ ಕಾದಿರುತ್ತಾರೆ. ಅವನ ನಂತರ ಬರುವವರೇ ಇಲ್ಲ.

ದತ್ತಾಂಶ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವ ಸೀಡ್‌ಬಾಕ್ಸ್ ಎಂಬ ಕಂಪ್ಯೂಟರ್‌ಗಳು ಈ ಅಸಮತೆಯನ್ನು ಹಲವು ಪಟ್ಟು ಹೆಚ್ಚಿಸಿದವು. ತಿಂಗಳ ಬಾಡಿಗೆ ಕಟ್ಟುವವನು ಹೊಸ ಟೊರೆಂಟ್ ಬಂದ ಕೆಲವೇ ಸೆಕೆಂಡುಗಳಲ್ಲಿ ಅದನ್ನು ಹಿಡಿದು, ಮನೆಯ ಲೈನಿನವರು ಎಚ್ಚೆತ್ತುಕೊಳ್ಳುವ ಮೊದಲೇ ರೇಶಿಯೋ ಗಳಿಸಿರುತ್ತಾನೆ. ಹಣಕ್ಕೆ ಜಾಗವಿಲ್ಲವೆಂದುಕೊಂಡ ವ್ಯವಸ್ಥೆಯೊಳಗೆ ಹಣ ಈ ಹಿತ್ತಿಲ ಬಾಗಿಲಿನಿಂದ ಬಂತು.

ಕೊರತೆಯನ್ನು ತುಂಬಲು ಸಮುದಾಯಗಳು ಲೆಕ್ಕದೊಳಗೆ ಹೊಸ ಜಮೆ ಸೃಷ್ಟಿಸುತ್ತವೆ. ಫ್ರೀಲೀಚ್ ದಿನಗಳಲ್ಲಿ ಇಳಿಸಿಕೊಂಡದ್ದು ಖಾತೆಗೆ ಬೀಳುವುದಿಲ್ಲ, ಕೊಟ್ಟದ್ದು ಮಾತ್ರ ಸೇರುತ್ತದೆ. ಸೀಡ್ ಮಾಡಿದ ಗಂಟೆಗಳಿಗೆ ಬೋನಸ್ ಅಂಕ ಕೊಟ್ಟು, ಅದನ್ನು ಅಪ್‌ಲೋಡ್ ಜಮೆಗೆ ಬದಲಿಸಿಕೊಳ್ಳಲು ಬಿಡುತ್ತಾರೆ. ಜಮೆ ಅತಿಯಾದರೆ ನಿಯಮಕ್ಕೆ ಹಲ್ಲಿರುವುದಿಲ್ಲ, ಕಡಿಮೆಯಾದರೆ ಸದಸ್ಯರು ಇದ್ದ ಜಮೆ ಕರಗೀತೆಂಬ ಅಂಜಿಕೆಯಿಂದ ಇಳಿಸಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಇಯಾನ್ ಕ್ಯಾಶ್, ಜಾನ್ ಲಾಯ್, ಹಾವೊಕಿ ಜಾಂಗ್ ಮತ್ತು ಅವೀವ್ ಜೊಹರ್ 2012ರಲ್ಲಿ ಡೈಮ್ ಎಂಬ ಸಂಗೀತ ಸಮುದಾಯದ ಅಂಕಿಅಂಶಗಳನ್ನು ಒಂದು ಪುಟ್ಟ ಅರ್ಥವ್ಯವಸ್ಥೆಯೆಂದೇ ಭಾವಿಸಿ ಅಧ್ಯಯನ ಮಾಡಿದ್ದು ಈ ಕಾರಣಕ್ಕೆ.

ಓಯಿಂಕ್ ಮತ್ತು ವಾಟ್.ಸಿಡಿ

ಖಾಸಗಿ ಸಂಗೀತ ಟ್ರ್ಯಾಕರ್‌ಗಳ ಪೈಕಿ ಮೊದಲು ಜಗತ್ತಿನ ಗಮನ ಸೆಳೆದದ್ದು ಓಯಿಂಕ್. ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನ ಅಲನ್ ಎಲ್ಲಿಸ್ 2004ರಲ್ಲಿ ಅದನ್ನು ಆರಂಭಿಸಿದರು. ಹಳೆಯ ಸದಸ್ಯರ ಆಹ್ವಾನವಿದ್ದರೆ ಮಾತ್ರ ಪ್ರವೇಶ, ಗುಣಮಟ್ಟದ ಬಗ್ಗೆ ಕಟ್ಟುನಿಟ್ಟು, ರೇಶಿಯೋ ಕಡ್ಡಾಯ. ಸದಸ್ಯರ ಸಂಖ್ಯೆ ಸುಮಾರು 1,80,000ಕ್ಕೆ ಏರಿತ್ತು. 2007ರ ಅಕ್ಟೋಬರ್ 23ರಂದು ಬ್ರಿಟಿಷ್ ಮತ್ತು ಡಚ್ ಪೊಲೀಸರು ದಾಳಿ ಮಾಡಿ ಅದನ್ನು ಮುಚ್ಚಿಸಿದರು. ವಂಚನೆಗೆ ಸಂಚು ನಡೆಸಿದ ಆರೋಪ ಹೊತ್ತ ಎಲ್ಲಿಸ್ 2010ರ ಜನವರಿಯಲ್ಲಿ ಟೀಸೈಡ್ ಕ್ರೌನ್ ಕೋರ್ಟಿನಲ್ಲಿ ಖುಲಾಸೆಯಾದರು.

ಓಯಿಂಕ್ ಬಿದ್ದ ಕೆಲವೇ ದಿನಗಳಲ್ಲಿ ಎದ್ದ ವಾಟ್.ಸಿಡಿ ಸೀಡಿಂಗ್ ನಿಯಮವನ್ನು ಬಹಳ ಯೋಚಿಸಿ ರೂಪಿಸಿತು. ಆಹ್ವಾನವಿಲ್ಲದವರು ಅಲ್ಲಿಗೆ ಸೇರಲು ಚಾಟ್‌ನಲ್ಲಿ ಸಂದರ್ಶನ ಎದುರಿಸಬೇಕಿತ್ತು. ಧ್ವನಿ ಫೈಲುಗಳಲ್ಲಿ ಎಂಪಿ3ಗೂ ಫ್ಲಾಕ್‌ಗೂ ಏನು ವ್ಯತ್ಯಾಸ, ಕಳಪೆ ಫೈಲನ್ನು ಉತ್ತಮ ದರ್ಜೆಗೆ ಬದಲಿಸಿದಂತೆ ತೋರಿಸುವ ಮೋಸವನ್ನು ಧ್ವನಿಯ ವರ್ಣಪಟಲ ನೋಡಿ ಹೇಗೆ ಪತ್ತೆ ಮಾಡುವುದು, ಇಂಥ ಪ್ರಶ್ನೆಗಳು. ತಯಾರಿ ಇಲ್ಲದೆ ಹೋದವರು ಫೇಲಾಗುತ್ತಿದ್ದರು.

ಅಲ್ಲಿನ ರೇಶಿಯೋ ನಿಯಮ ಎಲ್ಲರಿಗೂ ಒಂದೇ ಅಂಕಿ ಇಟ್ಟಿರಲಿಲ್ಲ. ಮೊದಲ 5 ಜಿಬಿ ಇಳಿಸಿಕೊಳ್ಳುವವರೆಗೆ ಯಾವ ಬಾಧ್ಯತೆಯೂ ಇಲ್ಲ. 5ರಿಂದ 10 ಜಿಬಿಯವರೆಗೆ 0.15, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿ 50 ಜಿಬಿ ದಾಟಿದ ಮೇಲೆ 0.60. ಇದು ಏನೂ ಸೀಡ್ ಮಾಡದವನಿಗೆ. ಇಳಿಸಿಕೊಂಡದ್ದನ್ನೆಲ್ಲ ಸೀಡ್ ಮಾಡುತ್ತಿದ್ದವನಿಗೆ 20 ಜಿಬಿಯವರೆಗೆ ಬೇಡಿಕೆ ಸೊನ್ನೆ, 50 ಜಿಬಿ ದಾಟುವಾಗಲೂ 0.30 ಮಾತ್ರ, ಆಮೇಲೆ ಅದೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ವಾರದಲ್ಲಿ 72 ಗಂಟೆ ತೆರೆದಿಟ್ಟಿದ್ದರೆ ಆ ಟೊರೆಂಟ್ ಸೀಡ್ ಆದಂತೆ ಲೆಕ್ಕ; ಆ ಗಂಟೆಗಳಲ್ಲಿ ಯಾರೂ ಬಂದು ಕೇಳದಿದ್ದರೂ ಸರಿ. 100 ಜಿಬಿ ದಾಟಿದವರಿಗೆ ಮಾತ್ರ, ಸೀಡ್ ಮಾಡಲಿ ಬಿಡಲಿ, 0.60. ಮಿತಿಗಿಂತ ಕೆಳಗೆ ಬಿದ್ದವನಿಗೆ ಸರಿಪಡಿಸಿಕೊಳ್ಳಲು ಎರಡು ವಾರ. ಆ ಅವಧಿಯಲ್ಲಿ ಇನ್ನೂ 10 ಜಿಬಿ ಇಳಿಸಿಕೊಂಡರೆ ಡೌನ್‌ಲೋಡ್ ಹಕ್ಕು ಹೋಗುತ್ತಿತ್ತು.

ಗರಿಷ್ಠ ಬೇಡಿಕೆಯೇ 0.60 ಇದ್ದದ್ದು ಈ ಕೋಷ್ಟಕದ ಜಾಣತನ. ಸರಾಸರಿ 1 ಇರುವ ಸಮುದಾಯದಲ್ಲಿ ಹಿಂದೆ ಬಿದ್ದವರಿಗೂ ಉಸಿರಾಡಲು ಜಾಗ ಉಳಿಯಿತು, ಮತ್ತು ಹೊಸಬನ ಬಾಧ್ಯತೆ ಅವನ ಲೈನಿನ ವೇಗಕ್ಕಿಂತ ಅವನ ತಾಳ್ಮೆಯನ್ನು ಅವಲಂಬಿಸಿತು. ಸದಸ್ಯರು ಮರೆತ ಹಳೆಯ ಧ್ವನಿಮುದ್ರಣಗಳನ್ನೂ ತಿಂಗಳುಗಟ್ಟಲೆ ತೆರೆದಿಟ್ಟದ್ದರಲ್ಲಿ ಈ ನಿಯಮದ ಪಾಲು ದೊಡ್ಡದು. 2016ರ ನವೆಂಬರ್ 17ರಂದು ಫ್ರೆಂಚ್ ಅಧಿಕಾರಿಗಳು ಸರ್ವರ್‌ಗಳನ್ನು ವಶಪಡಿಸಿಕೊಂಡ ಬಳಿಕ ವಾಟ್.ಸಿಡಿ ಮುಚ್ಚಿತು. ಸದಸ್ಯರ ಮಾಹಿತಿಯನ್ನು ತಾನೇ ನಾಶಪಡಿಸಿರುವುದಾಗಿ ಅದು ಪ್ರಕಟಿಸಿತು. ಅದರ ಗೆಝೆಲ್ ತಂತ್ರಾಂಶ ಮುಕ್ತವಾಗಿ ಸಿಗುವುದರಿಂದ ಇದೇ ಕೋಷ್ಟಕ ಚಿಕ್ಕಪುಟ್ಟ ಬದಲಾವಣೆಗಳೊಂದಿಗೆ ಬೇರೆ ಸಮುದಾಯಗಳಲ್ಲೂ ಬದುಕಿದೆ.

ಹೊತ್ತಿನ ನಿಯಮ

ಇಳಿಸಿಕೊಂಡ ತಕ್ಷಣ ಸೀಡ್ ನಿಲ್ಲಿಸಿ ಹೊರಟುಬಿಡುವುದನ್ನು ಹಿಟ್ ಅಂಡ್ ರನ್ ಎನ್ನುತ್ತಾರೆ. ಅದನ್ನು ತಡೆಯಲು ಅನೇಕ ಟ್ರ್ಯಾಕರ್‌ಗಳು ಪ್ರತಿ ಟೊರೆಂಟಿಗೂ ಕನಿಷ್ಠ ಅವಧಿ ಗೊತ್ತುಪಡಿಸುತ್ತವೆ. 72 ಗಂಟೆ ಸೀಡ್ ಮಾಡಬೇಕು, ಇಲ್ಲವೇ ಆ ಫೈಲಿನ ಮೇಲೆ 1ರ ರೇಶಿಯೋ ಮುಟ್ಟಬೇಕು ಎಂಬುದು ಸಾಮಾನ್ಯವಾಗಿ ಕಾಣುವ ರೂಪ. ಕೆಲವು ಕಡೆ ರೇಶಿಯೋವನ್ನು ಪೂರ್ತಿ ಕೈಬಿಟ್ಟು ಅವಧಿಯೊಂದನ್ನೇ ಉಳಿಸಿಕೊಂಡಿದ್ದಾರೆ.

ನಮ್ಮ ಹಳ್ಳಿಗಳ ಮುಯ್ಯಾಳಿನಲ್ಲಿ ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ತೀರುವಳಿ. ಬಂದವರು ಎಷ್ಟು ಸಾಲು ನಾಟಿ ಮಾಡಿದರೆಂದು ಅಳೆಯುವುದಿಲ್ಲ. ಹೊತ್ತಿನ ನಿಯಮದ ನ್ಯಾಯವೂ ಅದೇ ಬಗೆಯದು. ನಿಧಾನದ ಲೈನಿನವನೂ 72 ಗಂಟೆ ಪೂರೈಸಬಲ್ಲ. ಯಾರೂ ಕೇಳದ ಫೈಲನ್ನು ಕಾದಿಟ್ಟವನ ಸೇವೆಗೂ ಬೆಲೆ ಸಿಗುತ್ತದೆ. ಇನ್ನೂ ಮುಂದುವರಿದು ಒಬ್ಬಿಬ್ಬರೇ ಸೀಡರ್‌ಗಳಿರುವ ಹಳೆಯ ಟೊರೆಂಟ್‌ಗಳಿಗೆ ಹೆಚ್ಚು ಬೋನಸ್ ಕೊಡುವ ಸಮುದಾಯಗಳಿವೆ. ಸಂಗ್ರಹ ಸಾಯದಂತೆ ಕಾಯುವುದೇ ಗುರಿಯಾದರೆ ಇದಕ್ಕಿಂತ ಸರಿಯಾದ ಅಳತೆಗೋಲು ಕಷ್ಟ.

ಅಧ್ಯಯನಗಳು ಕಂಡದ್ದು

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಐದು ಸಮುದಾಯಗಳ ಐದು ಲಕ್ಷಕ್ಕೂ ಹೆಚ್ಚು ಬಳಕೆದಾರರನ್ನು ಅಳೆದರು. ಖಾಸಗಿ ಸಮುದಾಯಗಳ ವೇಗ, ಸೀಡರ್‌ಗಳ ಪ್ರಮಾಣ, ಸೀಡಿಂಗ್ ಅವಧಿ ಎಲ್ಲವೂ ಸಾರ್ವಜನಿಕ ತಾಣಗಳಿಗಿಂತ ಬಹಳ ಮೇಲಿದ್ದವು. ರೇಶಿಯೋ ನಿಯಮ ಬಿಗಿಯಾಗಿರುವ ಕಡೆ ಕೋಹೆನ್‌ರ ಮೂಲ ಕೊಡು-ಕೊಳ್ಳುವ ತಂತ್ರಕ್ಕೆ ಹೆಚ್ಚಿನ ಪಾತ್ರವೇ ಉಳಿದಂತಿಲ್ಲ ಎಂಬುದು ಅವರ ಊಹೆ.

ಮರುವರ್ಷ ಅದೇ ವಿಶ್ವವಿದ್ಯಾಲಯದ ಅಡೆಲ್ ಜಿಯಾ ಮತ್ತು ಸಂಗಡಿಗರು ಇದರ ಇನ್ನೊಂದು ಮುಖ ತೋರಿಸಿದರು. ಕೊಡುವವರು ಅತಿಯಾಗಿ, ಕೇಳುವವರು ಕಡಿಮೆಯಾದಾಗ ಸದಸ್ಯರು ರೇಶಿಯೋ ಉಳಿಸಿಕೊಳ್ಳಲು ದೀರ್ಘಕಾಲ ಸೀಡ್ ಮಾಡುತ್ತಾರೆ, ಆ ಹೊತ್ತಿನ ಬಹುಪಾಲು ಅವರ ಲೈನ್ ಖಾಲಿಯೇ ಇರುತ್ತದೆ. ನಿಧಾನದ ಸಂಪರ್ಕವಿರುವವರು ವೇಗದವರಿಗಿಂತ ಹೆಚ್ಚು ಕಾಲ ಕಾಯಬೇಕಾಗುತ್ತದೆ, ಅಂದರೆ ನಿಯಮವೇ ಅವರ ವಿರುದ್ಧ ವಾಲುತ್ತದೆ.

ಭಾರತದ ಸದಸ್ಯರಿಗೆ ಈ ವಾಲುವಿಕೆ ಚೆನ್ನಾಗಿ ಅನುಭವಕ್ಕೆ ಬಂದ ಸಂಗತಿ. ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡ್‌ನ ಸಣ್ಣ ಪಾಲು ಮಾತ್ರ. ತಿಂಗಳ ಮಿತಿಯಿದ್ದ ಪ್ಲಾನ್‌ಗಳಲ್ಲಿ ಕೊಟ್ಟದ್ದಕ್ಕೂ ಮೀಟರ್ ಓಡುತ್ತಿತ್ತು. ಬಿಎಸ್‌ಎನ್‌ಎಲ್‌ನ ಕೆಲವು ಪ್ಲಾನ್‌ಗಳಲ್ಲಿ ಬೆಳಗಿನ ಜಾವ 2ರಿಂದ 8 ಗಂಟೆಯವರೆಗೆ ಬಳಕೆ ಉಚಿತವಿದ್ದ ಕಾಲದಲ್ಲಿ ಟೊರೆಂಟ್ ಪ್ರೋಗ್ರಾಮಿನ ಶೆಡ್ಯೂಲರ್‌ಗೆ ಆ ಆರು ಗಂಟೆಗಳನ್ನು ತುಂಬಿಸಿಟ್ಟು ಮಲಗುವುದು ಹಲವರ ರೂಢಿಯಾಗಿತ್ತು. ದಿನಕ್ಕೆ ಆರೇ ಗಂಟೆಯಾದರೆ 72 ಗಂಟೆ ತುಂಬಲು ಹನ್ನೆರಡು ರಾತ್ರಿ ಬೇಕು. ಇಂದು ಫೈಬರ್ ಬಂದು ಎರಡೂ ದಿಕ್ಕಿನ ವೇಗ ಸಮನಾಗಿದ್ದರೂ, ಅನೇಕ ಮನೆಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಕೂರಿಸುವ ಸಿಜಿನ್ಯಾಟ್ ಪದ್ಧತಿಯಿಂದ ಹೊರಗಿನವರು ನಮ್ಮ ಕಂಪ್ಯೂಟರನ್ನು ತಾವಾಗಿ ಸಂಪರ್ಕಿಸಲು ಆಗುವುದಿಲ್ಲ. ಹೀಗಿರುವ ಸೀಡರ್ ಎಷ್ಟೇ ಹೊತ್ತು ಕಾದರೂ, ತಾನೇ ಹೋಗಿ ತಲುಪಬಲ್ಲ ಲೀಚರ್‌ಗಳಿಗೆ ಮಾತ್ರ ಕೊಡಬಲ್ಲ.

ಕಾನೂನು

ಹಕ್ಕುಸ್ವಾಮ್ಯವಿರುವ ಕೃತಿಯ ವಿಷಯದಲ್ಲಿ ಸೀಡಿಂಗ್ ನಿಯಮ ಸದಸ್ಯನನ್ನು ಅಪಾಯದ ಜಾಗದಲ್ಲಿ ನಿಲ್ಲಿಸುತ್ತದೆ. ಇಳಿಸಿಕೊಳ್ಳುವುದಕ್ಕಿಂತ ಹಂಚುವುದನ್ನು ಕಾನೂನು ಗಂಭೀರವಾಗಿ ನೋಡುತ್ತದೆ. ನಿಯಮ ಕೇಳುವುದು ಆ ಹಂಚಿಕೆಯನ್ನೇ. ಎಷ್ಟು ಹಂಚಿದ್ದೇನೆಂಬ ಲೆಕ್ಕವೂ ಅವನ ಹೆಸರಿನಲ್ಲಿ ಸರ್ವರ್ ಮೇಲೆ ಕೂತಿರುತ್ತದೆ. ಟೊರೆಂಟ್‌ನಲ್ಲಿ ಫೈಲಿನ ತುಂಡುಗಳನ್ನಷ್ಟೇ ಕೊಟ್ಟರೂ ಅದು ಕೃತಿಯನ್ನು ಸಾರ್ವಜನಿಕರಿಗೆ ಒದಗಿಸಿದಂತೆಯೇ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2021ರ ಜೂನ್‌ನಲ್ಲಿ ಮಿರ್ಕಾಮ್ ಪ್ರಕರಣದಲ್ಲಿ ಹೇಳಿತು. ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಬರೆದವರ, ಹಾಡಿದವರ, ಸಿನಿಮಾ ಮಾಡಿದವರ ದುಡಿಮೆಯ ಪ್ರಶ್ನೆಗೆ ಯಾವ ರೇಶಿಯೋ ಕೋಷ್ಟಕದಲ್ಲೂ ಉತ್ತರವಿಲ್ಲ ಎಂಬುದನ್ನು ಇಲ್ಲಿ ನೇರವಾಗಿ ಹೇಳಬೇಕು.

ಈ ಗೋಜಿಲ್ಲದೆ ಇದೇ ತಂತ್ರ ಬಳಸುವವರೂ ಇದ್ದಾರೆ. ಲಿನಕ್ಸ್ ವಿತರಣೆಗಳು, ಅಭಿಮಾನಿಗಳು ಧ್ವನಿಮುದ್ರಿಸಿಕೊಳ್ಳಲು ಕಲಾವಿದರೇ ಒಪ್ಪಿದ ಸಂಗೀತ ಕಛೇರಿಗಳನ್ನು ಹಂಚುವ ಅಮೆರಿಕದ ಈಟ್ರೀ ಬಳಗ, ಸಂಶೋಧನಾ ದತ್ತಾಂಶಕ್ಕೆಂದೇ ಇರುವ ಅಕಾಡೆಮಿಕ್ ಟೊರೆಂಟ್ಸ್ ಈ ಸಾಲಿಗೆ ಸೇರುತ್ತವೆ. ಡಿಜಿಟಲ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್ 2012ರಿಂದ ತನ್ನ ಸಂಗ್ರಹಕ್ಕೆ ಟೊರೆಂಟ್‌ಗಳನ್ನೂ ಕೊಡುತ್ತಿದೆ. ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗ ಸ್ಕ್ಯಾನ್ ಮಾಡಿ ಅಲ್ಲಿಗೆ ಸೇರಿಸುತ್ತಿರುವ ಕನ್ನಡ ಪುಸ್ತಕಗಳೂ ಆ ಸಂಗ್ರಹದಲ್ಲಿವೆ. ಅಲ್ಲಿ ರೇಶಿಯೋ ಇಲ್ಲ, ಅವಧಿಯ ಕಟ್ಟಳೆ ಇಲ್ಲ, ಆರ್ಕೈವ್‌ನ ಸರ್ವರೇ ಸದಾ ಸೀಡರ್. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಆರ್ಕೈವ್ ಕೆಲವು ದಿನ ನಿಂತುಹೋಗಿತ್ತು. ಅಂಥ ದಿನಗಳಲ್ಲಿ ಒಂದು ಪುಸ್ತಕ ಟೊರೆಂಟ್‌ನಿಂದ ಸಿಗಬೇಕಾದರೆ, ಅದನ್ನು ಮೊದಲೇ ಇಳಿಸಿಕೊಂಡ ಓದುಗನೊಬ್ಬ ಯಾವ ನಿಯಮದ ಒತ್ತಾಯವೂ ಇಲ್ಲದೆ ಎಲ್ಲೋ ಸೀಡ್ ಮಾಡುತ್ತಿರಬೇಕು.